ಬುಡಕ್ಕೆ ಹಾಕಿದ ದುಡ್ಡು

(ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ನವಸಾಕ್ಷರ ಮಹಿಳೆಯರ ಕೂಟದಲ್ಲಿ ಆಡಿದ ಮಾತು)

ನೀವೆಲ್ಲ ಕೆಲಸ ಬಿಟ್ಟು ಬಂದಿದ್ದೀರಿ. ಕೆಲವರು ಹಟ್ಟಿ ಕೆಲಸ ಮುಗಿಸಿ ಬಂದಿದ್ದೀರಿ. ಕೆಲವರು ಬೀಡಿಯ ತಡ್ಪೆ ಬದಿಗಿಟ್ಟು ಬಂದಿದ್ದೀರಿ. ಕೆಲವರು ಅಂಗಳದಲ್ಲಿ ಅಡಿಕೆ ಹರಡಿ, "ಮಳೆ ಬಂದರೆ ರಾಶಿ ಮಾಡಿ" ಎಂದು ಮಕ್ಕಳಿಗೆ ಹೇಳಿ ಬಂದಿದ್ದೀರಿ. ನಮಗೆ ಗೊತ್ತುಂಟು. ನಾವೂ ಹಾಗೆಯೇ ಬಂದವರು.

ಮನೆಯಲ್ಲಿ ನಮ್ಮ ಮಾತು ಬೇರೆ ಬೇರೆ. ಒಬ್ಬರದ್ದು ತುಳು. ಒಬ್ಬರದ್ದು ಅರೆಭಾಷೆ. ಇನ್ನೊಬ್ಬರದ್ದು ಬ್ಯಾರಿ, ಮಲಯಾಳ, ಕೊಂಕಣಿ, ಹವ್ಯಕ. ಆದರೆ ನಾವೆಲ್ಲ ಓದಲು ಕಲಿತದ್ದು ಕನ್ನಡ. ಅದಕ್ಕೆ ಇವತ್ತು ಕನ್ನಡದಲ್ಲೇ ಮಾತಾಡುವ. ಅರ್ಥ ಆಗದಿದ್ದರೆ ನಡುವಿನಲ್ಲೇ ಕೇಳಿ. ನಾಚಿಕೆ ಬೇಡ.

ಇವತ್ತಿನ ಮಾತು ದುಡ್ಡಿನದ್ದು. ಕೃಷಿಗೆ ದುಡ್ಡು ಎಲ್ಲಿ ಹಾಕಬೇಕು? ಎಲ್ಲಿ ಹಾಕಬಾರದು? ಹಾಕಿದ ದುಡ್ಡು ಯಾರ ಹೆಸರಲ್ಲಿ ಇರಬೇಕು? ಈ ಮೂರು ಮಾತು.

ಸೋಗೆಗಲ್ಲ, ಬುಡಕ್ಕೆ

ಮೊದಲು ಒಂದು ಸಣ್ಣ ಪ್ರಶ್ನೆ. ಅಡಿಕೆ ಮರಕ್ಕೆ ಗೊಬ್ಬರ ಎಲ್ಲಿಗೆ ಹಾಕ್ತೀರಿ? ಬುಡಕ್ಕೆ. ಸೋಗೆಗೆ ಗೊಬ್ಬರ ಹಾಕುವವರು ಯಾರಾದರೂ ಉಂಟಾ? ಇಲ್ಲ. ಯಾಕೆ? ಬೇರು ಇರುವುದು ಬುಡದಲ್ಲಿ. ಬುಡಕ್ಕೆ ಬಿದ್ದದ್ದು ಮಾತ್ರ ಮರಕ್ಕೆ ಸೇರುತ್ತದೆ. ಬೇರೆ ಕಡೆ ಬಿದ್ದದ್ದು ಮಳೆನೀರಿನಲ್ಲಿ ತೋಡಿಗೆ ಹೋಗುತ್ತದೆ.

ದುಡ್ಡು ಕೂಡ ಹಾಗೆಯೇ. ಹಬ್ಬಕ್ಕೆ ಬಟ್ಟೆ ತಂದರೆ ಅದು ಖರ್ಚು. ಅದು ತಪ್ಪಲ್ಲ. ಮನುಷ್ಯರಿಗೆ ಹಬ್ಬವೂ ಬೇಕು. ಆದರೆ ಒಂದು ಹಸು ತಂದರೆ ಅದು ಬರೀ ಖರ್ಚಲ್ಲ. ನಾಳೆ ಹಾಲು ಬರಲಿ ಎಂದು ಇವತ್ತು ಹಾಕಿದ ದುಡ್ಡು ಅದು. ಇದಕ್ಕೆ ಬಂಡವಾಳ ಎಂದು ಹೆಸರು. ನಾಳೆಗಾಗಿ ಇವತ್ತು ಹಾಕುವ ದುಡ್ಡೇ ಬಂಡವಾಳ.

ಬಂಡವಾಳ ಎಂದರೆ ಶ್ರೀಮಂತರ ಮಾತು ಎಂದು ನಾವು ತಿಳಿದಿದ್ದೆವು. ಅಲ್ಲ. ಹಿತ್ತಿಲಲ್ಲಿ ಹತ್ತು ಬಸಳೆ ದಂಟು ನೆಟ್ಟವಳೂ ಬಂಡವಾಳ ಹಾಕಿದವಳೇ. ದುಡ್ಡು ಹೆಚ್ಚು ಕಡಿಮೆ ಇರಬಹುದು. ಅದು ಬುಡಕ್ಕೆ ಬಿತ್ತೋ ಇಲ್ಲವೋ ಎಂಬುದೇ ಮುಖ್ಯ.

ಬಡ ದೇಶಗಳ ಕೃಷಿ ಸುಧಾರಿಸಬೇಕು, ಅದಕ್ಕೆ ಬಂಡವಾಳ ಹಾಕಬೇಕು ಎಂದು ದೊಡ್ಡ ದೊಡ್ಡ ಸಭೆಗಳಲ್ಲಿ ಮಾತು ನಡೆಯುತ್ತದೆ. ನಮಗೆ ಅಷ್ಟು ದೂರ ಹೋಗುವುದು ಬೇಡ. ನಮ್ಮ ಪುತ್ತೂರಿನಲ್ಲೇ ಅದಕ್ಕೆ ಕಥೆ ಉಂಟು. ಅದನ್ನು ಹೇಳುವ.

ಧಾರಣೆ ಬಿದ್ದ ವರ್ಷಗಳು

ಇಲ್ಲಿರುವ ಹಿರಿಯ ಅಮ್ಮಂದಿರಿಗೆ ನೆನಪಿರಬಹುದು. 1970ರ ನಂತರದ ವರ್ಷಗಳು. ಅಡಿಕೆಯ ಧಾರಣೆ ಬಿದ್ದುಹೋಗಿತ್ತು. ತೋಟದಲ್ಲಿ ಬೆಳೆ ಇತ್ತು, ಮನೆಯಲ್ಲಿ ದುಡ್ಡಿರಲಿಲ್ಲ. ಗೋಣಿ ಹೊತ್ತುಕೊಂಡು ಪೇಟೆಗೆ ಹೋದರೆ ವರ್ತಕ ಹೇಳಿದ್ದೇ ಧಾರಣೆ. "ಬೇಡದಿದ್ದರೆ ವಾಪಸು ತೆಗೆದುಕೊಂಡು ಹೋಗಿ" ಎಂಬ ಮಾತು. ವಾಪಸು ತಂದು ಏನು ಮಾಡುವುದು? ಅಡಿಕೆಯಿಂದ ಗಂಜಿ ಬೇಯಿಸಲು ಆಗುವುದಿಲ್ಲ.

ಆಗ ಬೆಳೆಗಾರರು ಯೋಚನೆ ಮಾಡಿದರು. ಒಬ್ಬೊಬ್ಬರೇ ಹೋದರೆ ಧಾರಣೆ ಸಿಗುವುದಿಲ್ಲ. ಎಲ್ಲರೂ ಸೇರಿ ನಮ್ಮದೇ ಅಂಗಡಿ ಇಟ್ಟರೆ ಹೇಗೆ? ಸೇರುವ ದಾರಿ ನಮ್ಮ ಊರಿಗೆ ಹೊಸತಲ್ಲ. ಪುತ್ತೂರಿನಲ್ಲಿ ವಕೀಲರಾಗಿದ್ದ ಮೊಳಹಳ್ಳಿ ಶಿವರಾಯರು 1909ರಲ್ಲೇ ಸಹಕಾರಿ ಸಂಘ ಕಟ್ಟಿದ್ದರು. ಅದೇ ದಾರಿಯಲ್ಲಿ ಅಡಿಕೆ ಬೆಳೆಗಾರರೂ ನಡೆದರು.

1973ರ ಜುಲೈ 11ರಂದು ಒಂದು ದೊಡ್ಡ ಸಹಕಾರಿ ಸಂಸ್ಥೆ ಹುಟ್ಟಿತು. ಅದೇ ಕ್ಯಾಂಪ್ಕೊ. ವಾರಣಾಶಿ ಸುಬ್ರಾಯ ಭಟ್ಟರು ಅದರ ಮೊದಲ ಅಧ್ಯಕ್ಷರು. ಕರ್ನಾಟಕದ ಬೆಳೆಗಾರರೂ ಕೇರಳದ ಬೆಳೆಗಾರರೂ ಅದಕ್ಕೆ ಸೇರಿದರು. ಎರಡೂ ಸರಕಾರಗಳು ಬೆಂಬಲ ಕೊಟ್ಟವು. ಬೆಳೆಗಾರರು ತಮ್ಮ ಕೈಯಿಂದ ಪಾಲು ಬಂಡವಾಳ ಹಾಕಿದರು. ಪಾಲು ಹಾಕಿದವ ಸದಸ್ಯ. ಸದಸ್ಯನಿಗೆ ಒಂದು ಓಟು. ಹತ್ತು ಎಕರೆ ಇದ್ದವನಿಗೂ ಒಂದೇ ಓಟು, ಹತ್ತು ಸೆಂಟ್ಸ್ ಇದ್ದವನಿಗೂ ಒಂದೇ ಓಟು. ಸಹಕಾರಿಯ ಗುಣ ಅದು.

ಸಂಸ್ಥೆ ಅಡಿಕೆ ಕೊಳ್ಳಲು ಸುರು ಮಾಡಿತು. ಕೊಳ್ಳುವವ ಇನ್ನೊಬ್ಬ ಇದ್ದಾನೆ ಎಂದು ಗೊತ್ತಾದ ಕೂಡಲೇ ವರ್ತಕರೂ ಮಾತು ಬದಲಿಸಿದರು. ನಮ್ಮ ಹಿರಿಯರು ಮಾಡಿದ್ದು ಇಷ್ಟೇ. ದುಡ್ಡನ್ನು ಇನ್ನೊಂದು ತೋಟಕ್ಕೆ ಹಾಕಲಿಲ್ಲ. ತೋಟದಿಂದ ಪೇಟೆಗೆ ಹೋಗುವ ದಾರಿಗೆ ಹಾಕಿದರು. ತೊಂದರೆಯ ಬುಡ ಅಲ್ಲಿತ್ತು.

ಕೊಕ್ಕೊ ಬಂತು, ಕೊಕ್ಕೊ ಬಿತ್ತು

ಈಗ ಕೊಕ್ಕೊದ ಕಥೆ ಕೇಳಿ. ಇದು ಇನ್ನೂ ಸ್ವಾರಸ್ಯದ್ದು.

ಕೊಕ್ಕೊ ನಮ್ಮ ಊರಿನ ಗಿಡ ಅಲ್ಲ. ಸಮುದ್ರದ ಆಚೆಯ ಅಮೆರಿಕ ಖಂಡದ ಕಾಡಿನ ಗಿಡ. ಅದಕ್ಕೆ ನೆರಳು ಬೇಕು, ತಂಪು ಬೇಕು. ಅಡಿಕೆ ತೋಟದ ನಡುವೆ ಎರಡೂ ಉಂಟು. ಅಡಿಕೆಗೆ ಬಿಟ್ಟ ನೀರಿನಲ್ಲೇ ಅದೂ ಬದುಕುತ್ತದೆ. ಉದುರಿದ ಎಲೆ ನೆಲಕ್ಕೆ ಹೊದಿಕೆ ಆಗುತ್ತದೆ. ಒಂದೇ ನೆಲದಲ್ಲಿ ಎರಡು ಬೆಳೆ. 1970ರ ದಶಕದಲ್ಲಿ ನಮ್ಮ ಕಡೆ ತುಂಬ ಮಂದಿ ಕೊಕ್ಕೊ ನೆಟ್ಟರು. "ನೆಡಿ, ನಾವು ಕೊಳ್ಳುತ್ತೇವೆ" ಎಂದು ಕಂಪೆನಿಯ ಕಡೆಯವರು ಹೇಳಿದ್ದರು.

ಕೆಲವು ವರ್ಷ ಚೆನ್ನಾಗಿ ನಡೆಯಿತು. 1980ರ ಹೊತ್ತಿಗೆ ಧಾರಣೆ ಬಿತ್ತು. ಕೊಳ್ಳುವವರು ಹಿಂದೆ ಸರಿದರು. ಕೊಕ್ಕೊ ಅಡಿಕೆಯ ಹಾಗೆ ಅಲ್ಲ ಅಕ್ಕಾ. ಒಣಗಿದ ಅಡಿಕೆಯನ್ನು ಒಂದು ವರ್ಷ ಅಟ್ಟದಲ್ಲಿ ಇಡಬಹುದು. ಕೊಕ್ಕೊ ಕೋಡು ಒಡೆದು ಬೀಜ ತೆಗೆದರೆ, ಆ ಹಸಿ ಬೀಜವನ್ನು ಕೂಡಲೇ ಕೊಡಬೇಕು. ಇಟ್ಟರೆ ಹಾಳು. ಕೊಳ್ಳುವವನಿಲ್ಲದಿದ್ದರೆ ಅದು ಗೊಬ್ಬರ. ಎಷ್ಟೋ ಮಂದಿ ಬೇಸರದಿಂದ ಗಿಡವನ್ನೇ ಕಡಿದು ಹಾಕಿದರು. ನೆಟ್ಟು, ನೀರು ಹಾಕಿ, ಸಾಕಿದ ಗಿಡ. ಕಡಿಯುವಾಗ ಹೊಟ್ಟೆ ಉರಿಯದಿರುತ್ತದಾ?

ಆಗ ಅಡಿಕೆಗೆಂದು ಹುಟ್ಟಿದ ಕ್ಯಾಂಪ್ಕೊ ಕೊಕ್ಕೊವನ್ನೂ ಕೊಳ್ಳಲು ಇಳಿಯಿತು. ಕೊಂಡು ಎಲ್ಲಿಗೆ ಮಾರುವುದು? ಬರೀ ಬೀಜ ಮಾರಿದರೆ ಮತ್ತೆ ಬೇರೆಯವರು ಹೇಳಿದ ಧಾರಣೆಯೇ. ಹಾಗಾದರೆ ಬೀಜದಿಂದ ಚಾಕಲೇಟು ಮಾಡುವ ಕಾರ್ಖಾನೆಯನ್ನೇ ನಾವು ಕಟ್ಟುವ ಎಂದು ತೀರ್ಮಾನ ಆಯಿತು. "ಕೃಷಿಕರಿಗೆ ಚಾಕಲೇಟು ಕಾರ್ಖಾನೆ ನಡೆಸಲು ಗೊತ್ತುಂಟಾ?" ಎಂದು ಯಾರಾದರೂ ಕೇಳಬಹುದಾದ ಕಾಲ ಅದು. ಆದರೂ ಕಟ್ಟಿದರು. ಪುತ್ತೂರಿನ ಕೆಮ್ಮಿಂಜೆಯಲ್ಲಿ ಕಟ್ಟಿದರು. 1986ರಲ್ಲಿ ರಾಷ್ಟ್ರಪತಿ ಗ್ಯಾನಿ ಜೈಲ್ ಸಿಂಗ್ ಅವರು ಬಂದು ಅದನ್ನು ಉದ್ಘಾಟಿಸಿದರು.

ಕಾರ್ಖಾನೆಯಲ್ಲಿ ಏನಾಗುತ್ತದೆ? ಮೊದಲು ಹಸಿ ಬೀಜವನ್ನು ಐದಾರು ದಿನ ಹುದುಗಲು ಬಿಡಬೇಕು. ದೋಸೆ ಹಿಟ್ಟು ಹುಳಿ ಬರುವ ಹಾಗೆ ಅದೂ ಹುದುಗುತ್ತದೆ. ಚಾಕಲೇಟಿನ ಪರಿಮಳ ಹುಟ್ಟುವುದು ಅಲ್ಲಿಂದ. ಆಮೇಲೆ ಒಣಗಿಸಬೇಕು. ಸುಮಾರು ಮೂರು ಕಿಲೋ ಹಸಿ ಬೀಜ ಒಣಗಿದರೆ ಒಂದು ಕಿಲೋ. ಇಷ್ಟು ಆದ ಮೇಲೆ ಕಾರ್ಖಾನೆಯ ಒಳಗೆ ಹುರಿಯುತ್ತಾರೆ, ಸಿಪ್ಪೆ ತೆಗೆಯುತ್ತಾರೆ, ಅರೆಯುತ್ತಾರೆ. ಅದರಿಂದ ಬೆಣ್ಣೆ ತೆಗೆಯುತ್ತಾರೆ, ಪುಡಿ ಮಾಡುತ್ತಾರೆ. ಹಾಲಿನ ಪುಡಿ, ಸಕ್ಕರೆ ಸೇರಿಸಿ ಚಾಕಲೇಟು ಮಾಡುತ್ತಾರೆ. ಪ್ರತಿಯೊಂದು ಹಂತದಲ್ಲಿ ಬೆಲೆ ಏರುತ್ತದೆ. ಬೆಳೆದವರದ್ದೇ ಕಾರ್ಖಾನೆ ಆದರೆ ಏರಿದ ಬೆಲೆಯಲ್ಲಿ ಅವರಿಗೂ ಪಾಲು.

ಈಗ ಕ್ಯಾಂಪ್ಕೊದಲ್ಲಿ ಒಂದು ಲಕ್ಷಕ್ಕೂ ಮಿಕ್ಕಿ ಸದಸ್ಯರಿದ್ದಾರೆ. ಕಾರ್ಖಾನೆ ನಡೆಯುತ್ತಾ ಉಂಟು.

ದೂರದ ಅಕ್ಕಂದಿರ ಕಥೆ

ಲೋಕದಲ್ಲಿ ಎಲ್ಲಕ್ಕಿಂತ ಹೆಚ್ಚು ಕೊಕ್ಕೊ ಬೆಳೆಯುವ ದೇಶ ಯಾವುದು ಗೊತ್ತಾ? ಆಫ್ರಿಕಾ ಖಂಡದ ಐವರಿ ಕೋಸ್ಟ್. ಅದರ ಪಕ್ಕದ ಘಾನಾ ದೇಶವೂ ತುಂಬ ಬೆಳೆಯುತ್ತದೆ. ಲೋಕದ ಕೊಕ್ಕೊದಲ್ಲಿ ಸುಮಾರು ಅರ್ಧದಷ್ಟು ಆ ಎರಡು ದೇಶಗಳದ್ದು. ಅಲ್ಲಿಯೂ ನಮ್ಮ ಹಾಗೆ ಸಣ್ಣ ಸಣ್ಣ ತೋಟಗಳು. ಅಲ್ಲಿಯೂ ಕೋಡು ಒಡೆಯುವುದು, ಬೀಜ ತೆಗೆಯುವುದು, ಒಣಗಿಸುವುದು, ಹೊರುವುದು ಇವುಗಳಲ್ಲಿ ಹೆಂಗಸರ ಕೈ ಉಂಟು.

ಆದರೆ ಅಲ್ಲಿಯ ಹೆಚ್ಚಿನ ಬೀಜ ಹಡಗು ಹತ್ತಿ ಯುರೋಪಿಗೆ, ಅಮೆರಿಕಕ್ಕೆ ಹೋಗುತ್ತದೆ. ಚಾಕಲೇಟು ಆಗುವುದು ಅಲ್ಲಿ. ಬೆಲೆ ಏರುವುದೂ ಅಲ್ಲಿ. ಬೆಳೆದವರ ಕೈಗೆ ಬರುವುದು ಬೀಜದ ಬೆಲೆ ಮಾತ್ರ.

2024ರಲ್ಲಿ ಆ ದೇಶಗಳಲ್ಲಿ ಬೆಳೆ ಕೆಟ್ಟಿತು. ಲೋಕದ ಮಾರುಕಟ್ಟೆಯಲ್ಲಿ ಕೊಕ್ಕೊ ಬೆಲೆ ಟನ್ನಿಗೆ 10,000 ಡಾಲರ್ ದಾಟಿತು. ನಮ್ಮಲ್ಲೂ ಹಸಿ ಕೊಕ್ಕೊಗೆ ಹಿಂದೆ ಕಾಣದ ಧಾರಣೆ ಬಂತು. ಗಿಡ ಕಡಿದವರು ಕೈ ಹಿಸುಕಿಕೊಂಡರು. ಉಳಿಸಿಕೊಂಡವರು ನಕ್ಕರು. 2025ರಲ್ಲಿ ಬೆಲೆ ಮತ್ತೆ ಇಳಿಯಿತು. ಇದರಿಂದ ಏನು ಗೊತ್ತಾಯಿತು? ಎಲ್ಲೋ ಆಫ್ರಿಕಾದಲ್ಲಿ ಮಳೆ ತಪ್ಪಿದರೂ ಕಡಬದ ಅಂಗಳಕ್ಕೆ ಅದರ ಬಿಸಿ ತಟ್ಟುತ್ತದೆ. ಲೋಕದ ಧಾರಣೆ ನಮ್ಮ ಕೈಯಲ್ಲಿ ಇಲ್ಲ. ಏರಿದಾಗ ಎಲ್ಲ ಮರೆತು ಸಾಲ ಮಾಡಿ ನೆಡುವುದೂ ಬೇಡ, ಇಳಿದಾಗ ಸಿಟ್ಟಿನಲ್ಲಿ ಕಡಿಯುವುದೂ ಬೇಡ.

ನಾವು ಮಾಡಿದ ತಪ್ಪು

ಬೇರೆಯವರ ಕಥೆ ಸಾಕು. ಈಗ ನಮ್ಮದೇ ಕಥೆ ಹೇಳುತ್ತೇವೆ. ಹೇಳಲು ಸ್ವಲ್ಪ ನಾಚಿಕೆ. ಆದರೂ ನಿಮಗೆ ಉಪಯೋಗ ಆಗಲಿ.

ನಮ್ಮದೊಂದು ಸಣ್ಣ ಸಂಘ. ಹದಿನಾಲ್ಕು ಮಂದಿ ಹೆಂಗಸರು. ವಾರ ವಾರ ಉಳಿತಾಯ ಮಾಡುತ್ತಿದ್ದೆವು. ಒಂದು ದಿನ ಒಬ್ಬರು ಬಂದು ಹೇಳಿದರು, "ಹಪ್ಪಳದ ಯಂತ್ರ ತೆಗೆದುಕೊಳ್ಳಿ, ಸಾಲ ಸಿಗುತ್ತದೆ, ಲಾಭವೇ ಲಾಭ." ನಮ್ಮ ಊರಲ್ಲಿ ಹಲಸು ಧಾರಾಳ. ಹಲಸಿನ ಹಪ್ಪಳ ಮಾಡಲು ನಮಗೆ ಯಾರೂ ಕಲಿಸಬೇಕಾಗಿಲ್ಲ. ಸರಿ ಎಂದು ಸಾಲ ಮಾಡಿ ಯಂತ್ರ ತಂದೆವು. ಅದಕ್ಕೆ ಅರಸಿನ ಕುಂಕುಮ ಹಚ್ಚಿ ಪೂಜೆಯನ್ನೂ ಮಾಡಿದೆವು.

ಆಮೇಲೆ ಆದದ್ದು ಏನು? ಹಲಸು ಬಲಿಯುವುದು ಬೇಸಿಗೆಯಲ್ಲಿ. ಮಳೆ ಸುರುವಾದರೆ ಹಪ್ಪಳ ಒಣಗುವುದಿಲ್ಲ. ಸಿಕ್ಕಿದ್ದು ಎರಡೇ ತಿಂಗಳು. ಆ ಎರಡು ತಿಂಗಳಲ್ಲಿ ಕರೆಂಟು ಇದ್ದ ದಿನಕ್ಕಿಂತ ಹೋದ ದಿನವೇ ಹೆಚ್ಚು. ಮಾಡಿದ ಹಪ್ಪಳ ಕೊಳ್ಳುವವರು ಯಾರು? ನಮ್ಮ ಊರಲ್ಲಿ ಪ್ರತಿ ಮನೆಯಲ್ಲೂ ಹಪ್ಪಳ ಉಂಟು. ಪೇಟೆಯ ಅಂಗಡಿಯವರು, "ಇಟ್ಟು ಹೋಗಿ, ಮಾರಿದರೆ ದುಡ್ಡು" ಎಂದರು. ಯಂತ್ರ ಮೂಲೆ ಸೇರಿತು. ಸಾಲ ಮಾತ್ರ ಮೂಲೆ ಸೇರಲಿಲ್ಲ. ಅದು ಪ್ರತಿ ವಾರ ಬಾಗಿಲಿಗೆ ಬಂತು. ಒಬ್ಬಳು ಕಿವಿಯ ಬೆಂಡೋಲೆ ಅಡವಿಟ್ಟು ಕಂತು ಕಟ್ಟಿದಳು.

ಯಂತ್ರ ಕೆಟ್ಟದ್ದಾ? ಅಲ್ಲ. ಬೇರೆ ಊರಲ್ಲಿ ಅದೇ ಯಂತ್ರದಿಂದ ಹೆಂಗಸರು ಬದುಕು ಕಟ್ಟಿದ್ದಾರೆ. ನಾವು ಕೊಳ್ಳುವವರನ್ನು ಮೊದಲು ಹುಡುಕಲಿಲ್ಲ. ದುಡ್ಡನ್ನು ಸೋಗೆಗೆ ಸುರಿದೆವು.

ಒಂದು ತಕ್ಕಡಿಯಿಂದ ಆದದ್ದು

ಸಾಲ ತೀರಿದ ಮೇಲೆ ನಾವು ಕೂತು ಯೋಚಿಸಿದೆವು. ನಮ್ಮಲ್ಲಿ ಹೆಚ್ಚಿನವರ ಹಿತ್ತಿಲಲ್ಲಿ ಹತ್ತು ಇಪ್ಪತ್ತು ಕೊಕ್ಕೊ ಗಿಡ ಉಂಟು. ಹದಿನೈದು ದಿನಕ್ಕೊಮ್ಮೆ ಕೋಡು ಕೊಯ್ಯುತ್ತೇವೆ. ಬೀಜವನ್ನು ಮನೆ ಬಾಗಿಲಿಗೆ ಬರುವ ಒಬ್ಬ ವ್ಯಾಪಾರಿಗೆ ಕೊಡುತ್ತೇವೆ. ಅವನದ್ದೇ ತಕ್ಕಡಿ, ಅವನದ್ದೇ ಚೀಟಿ. "ಒಂಬತ್ತು ಕಿಲೋ ಅಕ್ಕಾ" ಎಂದರೆ ಒಂಬತ್ತು. ಚೀಟಿ ಓದಲು ನಮಗೆ ಬರುತ್ತಿರಲಿಲ್ಲ. ಹೌದು ಎಂದು ತಲೆ ಆಡಿಸುತ್ತಿದ್ದೆವು.

ಈಗ ಅಂಕೆ ಓದಲು ಬರುತ್ತದಲ್ಲ? ನಾವು ಸಂಘದ ದುಡ್ಡಿನಿಂದ ಒಂದು ತೂಕದ ಯಂತ್ರ ತಂದೆವು. ಸಾಲ ಮಾಡಲಿಲ್ಲ. ಮೊದಲ ದಿನ ನಾವೇ ತೂಗಿ ನೋಡಿದೆವು. ನಮ್ಮ ತಕ್ಕಡಿಯಲ್ಲಿ ಹತ್ತು ಕಿಲೋ ಮುಕ್ಕಾಲು ಬಂತು. ಅವನ ಚೀಟಿಯಲ್ಲಿ ಒಂಬತ್ತೂವರೆ. ನಾವು ಜಗಳ ಮಾಡಲಿಲ್ಲ. "ನಮ್ಮ ತಕ್ಕಡಿಯಲ್ಲಿ ಇಷ್ಟು ಬಂತು ಅಣ್ಣಾ" ಎಂದೆವು ಅಷ್ಟೇ. ಅವನು ಮಾತಾಡಲಿಲ್ಲ.

ಆಮೇಲೆ ನಾವು ಕೊಯ್ಯುವ ದಿನವನ್ನು ಒಂದೇ ಮಾಡಿದೆವು. ಹದಿನಾಲ್ಕು ಮನೆಯ ಬೀಜ ಒಂದೇ ರಿಕ್ಷಾದಲ್ಲಿ ಪೇಟೆಯ ಖರೀದಿ ಕೇಂದ್ರಕ್ಕೆ. ಬಾಡಿಗೆ ಹಂಚಿಕೊಂಡೆವು. ಅಲ್ಲಿಯ ಬೋರ್ಡಿನಲ್ಲಿ ಆ ದಿನದ ಧಾರಣೆ ಬರೆದಿರುತ್ತಾರೆ. ಓದಿ, ಲೆಕ್ಕ ಹಾಕಿ, ಚೀಟಿ ನೋಡಿ ದುಡ್ಡು ತಂದೆವು. ಹಪ್ಪಳದ ಯಂತ್ರ ಮಾಡದ ಕೆಲಸವನ್ನು ಒಂದು ಸಣ್ಣ ತಕ್ಕಡಿ ಮಾಡಿತು.

ಬುಡ ಎಂದರೆ ಇದೇ ಅಕ್ಕಾ. ಎಲ್ಲಿ ಸೋರುತ್ತದೆ ಎಂದು ಮೊದಲು ನೋಡಬೇಕು. ಸೋರುವ ಜಾಗಕ್ಕೆ ದುಡ್ಡು ಹಾಕಬೇಕು.

ಒಂದೇ ಬೆಳೆಯ ಭಯ

ಇನ್ನೊಂದು ಕಷ್ಟದ ಮಾತು. ಸುಳ್ಯದ ಅಕ್ಕಂದಿರಿಗೆ ಇದನ್ನು ಹೇಳಬೇಕಾಗಿಲ್ಲ. ಸಂಪಾಜೆ, ಅರಂತೋಡು ಕಡೆಯ ತೋಟಗಳನ್ನು ನೋಡಿದರೆ ಕಣ್ಣಲ್ಲಿ ನೀರು ಬರುತ್ತದೆ. ಹಳದಿ ಎಲೆ ರೋಗ. ಸೋಗೆ ಹಳದಿ ಆಗುತ್ತದೆ. ಕಾಯಿ ಉದುರುತ್ತದೆ. ಒಳಗಿನ ಅಡಿಕೆ ಕಪ್ಪಾಗುತ್ತದೆ. ಕೆಲವು ವರ್ಷದಲ್ಲಿ ತೋಟವೇ ಹೋಗುತ್ತದೆ.

ಕೊಳೆರೋಗಕ್ಕೆ ಮದ್ದು ಉಂಟು. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರು ನೀರು. ಬೋರ್ಡೋ ದ್ರಾವಣ. ಮಳೆ ಹಿಡಿಯುವ ಮೊದಲು ಒಮ್ಮೆ, ಸುಮಾರು ನಲವತ್ತು ದಿನ ಕಳೆದು ಇನ್ನೊಮ್ಮೆ ಬಿಟ್ಟರೆ ಬೆಳೆ ಉಳಿಯುತ್ತದೆ. ಹಳದಿ ರೋಗಕ್ಕೆ ಹಾಗೆ ಬಿಟ್ಟು ಗುಣಪಡಿಸುವ ಮದ್ದು ಇಲ್ಲ. ರಸ ಹೀರುವ ಒಂದು ಸಣ್ಣ ಕೀಟ ಅದನ್ನು ಮರದಿಂದ ಮರಕ್ಕೆ ಹರಡುತ್ತದೆ. ರೋಗ ಬಂದ ತೋಟದಲ್ಲೂ ಕೆಲವು ಮರಗಳು ಗಟ್ಟಿಯಾಗಿ ನಿಂತಿರುತ್ತವೆ. ವಿಜ್ಞಾನಿಗಳು ಅಂಥ ಮರಗಳನ್ನು ಹುಡುಕಿ, ಅವುಗಳಿಂದ ಹೊಸ ಸಸಿ ಮಾಡಲು ಕೆಲಸ ಮಾಡುತ್ತಿದ್ದಾರೆ. ಇದೂ ಬಂಡವಾಳವೇ. ಸರಕಾರ ಹಾಕಬೇಕಾದ ಬಂಡವಾಳ. ಒಬ್ಬ ರೈತ ಇಂಥ ಕೆಲಸವನ್ನು ಮಾಡಲು ಆಗುವುದಿಲ್ಲ.

ಅಡಿಕೆಯ ಬಗ್ಗೆ ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಅಡಿಕೆ ಜಗಿಯುವುದರಿಂದ ಬಾಯಿಯ ಕ್ಯಾನ್ಸರ್ ಬರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2003ರಲ್ಲೇ ಹೇಳಿದೆ. ಬೆಳೆಗಾರರು ಅದನ್ನು ಒಪ್ಪುವುದಿಲ್ಲ, ವಾದ ನಡೆಯುತ್ತಾ ಉಂಟು. ವಾದ ಏನೇ ಇರಲಿ, ಒಂದೇ ಬೆಳೆಯ ಮೇಲೆ ಇಡೀ ಮನೆ ನಿಂತರೆ ಅಪಾಯ. ಒಂದೇ ಕಂಬದ ಮನೆಗೆ ಗಾಳಿ ಬಂದರೆ ಏನು ಗತಿ?

ಅದಕ್ಕೆ ಎರಡನೇ ಕಂಬ ಬೇಕು. ಮೂರನೇ ಕಂಬವೂ ಬೇಕು. ಕೊಕ್ಕೊ ಒಂದು. ಕಾಳುಮೆಣಸು ಒಂದು. ಗುಡ್ಡದಲ್ಲಿ ಗೇರು ಒಂದು. ಹಟ್ಟಿಯಲ್ಲಿ ಹಸು ಒಂದು. ಇದಕ್ಕೆ ಬೇಕಾದ ತಿಳುವಳಿಕೆ ನಮ್ಮ ಹತ್ತಿರವೇ ಉಂಟು. ಗೇರು ಬೆಳೆಯ ಬಗ್ಗೆ ಇಡೀ ದೇಶಕ್ಕೆ ದಾರಿ ತೋರಿಸುವ ಸಂಶೋಧನಾ ಕೇಂದ್ರ 1986ರಲ್ಲಿ ಆರಂಭವಾದದ್ದು ನಮ್ಮ ಪುತ್ತೂರಿನಲ್ಲಿ, ಮೊಟ್ಟೆತ್ತಡ್ಕದಲ್ಲಿ. ಅಡಿಕೆ, ಕೊಕ್ಕೊ ಬಗ್ಗೆ ಕೇಳಲು ವಿಟ್ಲದ ಸಂಶೋಧನಾ ಕೇಂದ್ರ ಉಂಟು. ಬೇಗ ಫಲ ಕೊಡುವ ಮಂಗಳ ಎಂಬ ಅಡಿಕೆ ತಳಿ 1972ರಲ್ಲಿ ಬಂದದ್ದು ಅಲ್ಲಿಂದ. ಕಡಬ ತಾಲೂಕಿನ ನೆಟ್ಟಣದ ಹತ್ತಿರ ಕಿದು ಎಂಬ ಊರಿನಲ್ಲಿ ತೆಂಗಿನ ಕೇಂದ್ರ ಉಂಟು. ಬೇರೆ ಬೇರೆ ದೇಶಗಳ ತೆಂಗಿನ ತಳಿಗಳನ್ನು ಅಲ್ಲಿ ಕಾಪಾಡಿ ಇಟ್ಟಿದ್ದಾರೆ. ಬೇರೆ ರಾಜ್ಯದವರು ಹುಡುಕಿಕೊಂಡು ಬರುತ್ತಾರೆ. ನಾವು ಅದರ ಗೇಟಿನ ಎದುರಿಂದಲೇ ಬಸ್ಸಲ್ಲಿ ಹೋಗುತ್ತೇವೆ, ಒಳಗೆ ಹೋಗಿ ಕೇಳುವುದಿಲ್ಲ.

ಈ ಕೇಂದ್ರಗಳು ನಡೆಯುವುದು ಜನರ ದುಡ್ಡಿನಿಂದ. ನಾವು ಕೊಳ್ಳುವ ಸಾಬೂನಿನ ಮೇಲಿನ ತೆರಿಗೆಯೂ ಅದರಲ್ಲಿ ಸೇರಿದೆ. ಹಾಗಾಗಿ ಕೇಳುವ ಹಕ್ಕು ನಮಗೆ ಉಂಟು. ಸಂಘದವರು ಹತ್ತು ಮಂದಿ ಸೇರಿ ಹೋಗಿ. "ನಮ್ಮ ಜಾಗ ಇಷ್ಟು, ನೀರು ಇಷ್ಟು, ಏನು ನೆಡಬಹುದು?" ಎಂದು ಕೇಳಿ.

ಯಾರ ಹೆಸರಲ್ಲಿ?

ಈಗ ಮೂರನೇ ಮಾತು. ಇದು ಸ್ವಲ್ಪ ಖಾರ. ಆದರೂ ಹೇಳಬೇಕು.

ತೋಟದಲ್ಲಿ ಅಡಿಕೆ ಹೆಕ್ಕುವವರು ಯಾರು? ನಾವು. ಅಂಗಳದಲ್ಲಿ ಹರಡಿ, ಮಗುಚಿ, ರಾಶಿ ಮಾಡುವವರು ಯಾರು? ನಾವು. ಸುಲಿಯುವವರು, ಆರಿಸುವವರು? ಹೆಚ್ಚಾಗಿ ನಾವೇ. ಹಸುವಿಗೆ ಹುಲ್ಲು ತರುವವರು, ಹಾಲು ಕರೆಯುವವರು? ನಾವು. ಹಾಗಾದರೆ ಜಾಗದ ಪಹಣಿಯಲ್ಲಿ ಯಾರ ಹೆಸರು ಉಂಟು? ಸೊಸೈಟಿಯ ಸದಸ್ಯರ ಪಟ್ಟಿಯಲ್ಲಿ ಯಾರ ಹೆಸರು ಉಂಟು? ಅಡಿಕೆ ಮಾರಿದ ದುಡ್ಡು ಯಾರ ಖಾತೆಗೆ ಬೀಳುತ್ತದೆ?

ನಾವು ಗಂಡಸರನ್ನು ದೂರುವುದಲ್ಲ. ಅವರೂ ದುಡಿಯುತ್ತಾರೆ. ಆದರೆ ಹೆಸರು ಇಲ್ಲದವಳಿಗೆ ಬೆಳೆ ಸಾಲ ಸಿಗುವುದಿಲ್ಲ. ರೋಗ ಬಂದು ತೋಟ ಹೋದಾಗ ಪರಿಹಾರ ಅವಳ ಕೈಗೆ ಬರುವುದಿಲ್ಲ. ಮಹಾಸಭೆಯಲ್ಲಿ ಅವಳು ಕೈ ಎತ್ತಲು ಆಗುವುದಿಲ್ಲ. ಗಂಡ ತೀರಿಹೋದ ಮರುದಿನ ಅವಳು ಯಾರ ಬಾಗಿಲಿಗೆ ಹೋಗಬೇಕು?

ಕಾನೂನು ಏನು ಹೇಳುತ್ತದೆ? ಹಿಂದೂ ಕುಟುಂಬದ ಒಟ್ಟು ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಎಂದು ಕರ್ನಾಟಕ ಸರಕಾರ 1994ರಲ್ಲೇ ಕಾನೂನು ತಂದಿತು. 2005ರಲ್ಲಿ ಇಡೀ ದೇಶಕ್ಕೆ ಅಂಥ ಕಾನೂನು ಬಂತು. ಮುಸ್ಲಿಂ, ಕ್ರೈಸ್ತ ಮನೆಯ ಹೆಣ್ಣುಮಕ್ಕಳಿಗೂ ಅವರವರ ಕಾನೂನಿನಲ್ಲಿ ಪಾಲು ಉಂಟು. ಸಹಕಾರಿ ಸಂಘಗಳ ಆಡಳಿತ ಮಂಡಳಿಯಲ್ಲಿ ಹೆಂಗಸರಿಗೆ ಮೀಸಲು ಸ್ಥಾನ ಉಂಟು. ಆದರೆ ಸದಸ್ಯೆಯೇ ಆಗದವಳು ಆ ಕುರ್ಚಿಯಲ್ಲಿ ಕೂರುವುದು ಹೇಗೆ?

ಜಗಳ ಬೇಡ. ಮನೆಯಲ್ಲಿ ಕೂತು ಮಾತಾಡಿ. "ನಾಲ್ಕು ಸೆಂಟ್ಸ್ ಆದರೂ ನನ್ನ ಹೆಸರಿಗೆ ಮಾಡಿ, ಸೊಸೈಟಿಯಲ್ಲಿ ನನಗೂ ಒಂದು ಪಾಲು ತೆಗೆಯಿರಿ" ಎಂದು ಕೇಳಿ. ಜಾಗ ಇಲ್ಲದವರು ಹಾಲಿನ ಸೊಸೈಟಿಯಲ್ಲಿ ಸದಸ್ಯೆ ಆಗಬಹುದಾ ಎಂದು ವಿಚಾರಿಸಿ. ಹಾಲು ಹಾಕುವವಳು ನೀವಾದರೆ ಪಾಸ್‌ಬುಕ್ಕಿನಲ್ಲಿ ಹೆಸರೂ ನಿಮ್ಮದೇ ಇರಲಿ.

ಸಾಲ ಮಾಡುವ ಮೊದಲು

ಹಿಂದೆ ನಮಗೆ ಸಾಲ ಕೊಡುವವರು ಇರಲಿಲ್ಲ. ಈಗ ಹಾಗಲ್ಲ. 1982ರಲ್ಲಿ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಸುರುವಾಯಿತು. 1992ರಲ್ಲಿ ನಬಾರ್ಡ್ ಸಂಸ್ಥೆ ಸ್ವಸಹಾಯ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸಿತು. 2000ದ ಹೊತ್ತಿಗೆ ಸರಕಾರದ ಸ್ತ್ರೀಶಕ್ತಿ ಗುಂಪುಗಳು ಬಂದವು. ಖಾಸಗಿ ಸಾಲದವರೂ ಬಂದರು. ಈಗ ಸಾಲ ಮನೆ ಬಾಗಿಲಿಗೆ ಬರುತ್ತದೆ. ಬಂದದ್ದೆಲ್ಲ ಬೇಕಾದದ್ದಲ್ಲ.

ಒಂದು ಲೆಕ್ಕ ಮಾಡುವ. ನೂರಕ್ಕೆ ತಿಂಗಳಿಗೆ 2 ರೂಪಾಯಿ ಬಡ್ಡಿ. ಕೇಳಲು ಕಡಿಮೆ. ವರ್ಷಕ್ಕೆ ಎಷ್ಟು? 24 ರೂಪಾಯಿ. ಹತ್ತು ಸಾವಿರಕ್ಕೆ 2,400 ರೂಪಾಯಿ. ನೀವು ಹಾಕುವ ಬಂಡವಾಳ ವರ್ಷಕ್ಕೆ 2,400ಕ್ಕಿಂತ ಹೆಚ್ಚು ತಂದರೆ ಮಾತ್ರ ಆ ಸಾಲ ಮಾಡಬಹುದು. ತರದಿದ್ದರೆ ಬೇಡ.

ಅದಕ್ಕೆ ಸಹಿ ಹಾಕುವ ಮೊದಲು ನಾಲ್ಕು ಪ್ರಶ್ನೆ ಕೇಳಿ.

ಒಂದು: ಈ ದುಡ್ಡು ಬುಡಕ್ಕೆ ಬೀಳುತ್ತದಾ, ಸೋಗೆಗೆ ಬೀಳುತ್ತದಾ?
ಎರಡು: ಬೆಳೆದದ್ದನ್ನು, ಮಾಡಿದ್ದನ್ನು ಕೊಳ್ಳುವವರು ಯಾರು? ಅವರನ್ನು ನಾವು ನೋಡಿದ್ದೇವಾ?
ಮೂರು: ಬಡ್ಡಿ ವರ್ಷಕ್ಕೆ ಎಷ್ಟು? ಕಂತು ತಪ್ಪಿದರೆ ಏನಾಗುತ್ತದೆ?
ನಾಲ್ಕು: ವಸ್ತು ಯಾರ ಹೆಸರಲ್ಲಿ? ಸಾಲ ಯಾರ ಹೆಸರಲ್ಲಿ?

ಸಾಲ ಅವಳ ಹೆಸರಲ್ಲಿ, ವಸ್ತು ಅವನ ಹೆಸರಲ್ಲಿ ಆದರೆ ಅದು ಸರಿಯಲ್ಲ. ಕಾಗದವನ್ನು ನೀವೇ ಓದಿ. ನಿಧಾನ ಆದರೂ ಪರವಾಗಿಲ್ಲ. "ಬೇಗ ಸಹಿ ಹಾಕಿ" ಎನ್ನುವವರ ಕಾಗದವನ್ನು ಇನ್ನೂ ನಿಧಾನಕ್ಕೆ ಓದಿ.

ಕೊನೆಯ ಮಾತು

ನಮ್ಮ ಹಿರಿಯರು ಅಡಿಕೆಗೆ ಧಾರಣೆ ಇಲ್ಲದ ಕಾಲದಲ್ಲಿ ಅಳುತ್ತಾ ಕೂರಲಿಲ್ಲ. ಎಲ್ಲಿ ಸೋರುತ್ತದೆ ಎಂದು ನೋಡಿ ಅಲ್ಲಿಗೆ ಪಾಲು ಹಾಕಿದರು. ಅದರಿಂದ ಒಂದು ಸಂಸ್ಥೆ ಬೆಳೆಯಿತು, ಒಂದು ಕಾರ್ಖಾನೆ ಬಂತು. ಆದರೆ ಆ ಪಾಲಿನ ಪತ್ರಗಳಲ್ಲಿ ನಮ್ಮ ಅಜ್ಜಿಯರ ಹೆಸರು ಎಷ್ಟು ಇದ್ದೀತು? ದುಡಿಮೆ ಅವರದ್ದೂ ಇತ್ತು. ಹೆಸರು ಬರೆಯಲು ಅವರಿಗೆ ಅಕ್ಷರ ಇರಲಿಲ್ಲ.

ನಮಗೆ ಈಗ ಅಕ್ಷರ ಉಂಟು. ಹೆಬ್ಬೆಟ್ಟಿನ ಶಾಯಿ ಒರೆಸಿ ಪೆನ್ನು ಹಿಡಿದಿದ್ದೇವೆ. ನಾವು ರಾತ್ರಿ ದೀಪದ ಕೆಳಗೆ ಕೂತು ಕಲಿತದ್ದೂ ಬುಡಕ್ಕೆ ಹಾಕಿದ ಬಂಡವಾಳವೇ. ಅದರ ಫಲವನ್ನು ಕೊಯ್ಯುವ ಕಾಲ ಬಂತು. ತೂಕ ಓದುವ. ಧಾರಣೆ ಓದುವ. ಕಾಗದ ಓದುವ. ನಮ್ಮ ಹೆಸರು ನಾವೇ ಬರೆಯುವ.

ಕೂತು ಮಾತಾಡಿ

1. ನಿಮ್ಮ ಮನೆಯಲ್ಲಿ ಕಳೆದ ವರ್ಷ ಕೃಷಿಗೆ ಹಾಕಿದ ದುಡ್ಡು ಎಷ್ಟು? ಅದರಲ್ಲಿ ಬುಡಕ್ಕೆ ಬಿದ್ದದ್ದು ಎಷ್ಟು?
2. ನಿಮ್ಮ ಮನೆ ಎಷ್ಟು ಬೆಳೆಯ ಮೇಲೆ ನಿಂತಿದೆ? ಇನ್ನೊಂದು ಕಂಬ ಯಾವುದು ಆಗಬಹುದು?
3. ನಿಮ್ಮ ಜಾಗದ ಪಹಣಿಯನ್ನು ತಂದು ಓದಿ. ಅದರಲ್ಲಿ ಯಾರ ಹೆಸರು ಉಂಟು?
4. ಹದಿನಾಲ್ಕು ಮಂದಿಯ ಸಂಘ ತಕ್ಕಡಿ ತಂದಿತು. ನಿಮ್ಮ ಸಂಘಕ್ಕೆ ಏನು ಬೇಕು?
5. ನೂರಕ್ಕೆ ತಿಂಗಳಿಗೆ 3 ರೂಪಾಯಿ ಬಡ್ಡಿಯಾದರೆ, 5,000 ರೂಪಾಯಿಗೆ ವರ್ಷಕ್ಕೆ ಬಡ್ಡಿ ಎಷ್ಟು? ಲೆಕ್ಕ ಮಾಡಿ ಬರೆಯಿರಿ.